ಟೈಲರಕ್ಕನ ಗೂಬೆಮರಿಗಳು

ನಮ್ಮ ಬೀದಿಯ ಟೈಲರಕ್ಕನ ಹೊಲಿಗೆ ಯಂತ್ರದ ಪಕ್ಕ, ದಾರದ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ, ದಿನವಿಡೀ ಎಲ್ಲೋ ದೂರದ ಕಾಡಿನ ಗೂಬೆಯ ಗೂಡು ನೇರಪ್ರಸಾರವಾಗುತ್ತಿರುತ್ತದೆ. ಹಗಲೆಲ್ಲ ಗೂಬೆ ತೂಕಡಿಸುತ್ತದೆ, ಇವರು ರೆಪ್ಪೆ ಮಿಟುಕಿಸದೆ ನೋಡುತ್ತಾರೆ. “ಅಂಗಿ ಯಾವಾಗ ಕೊಡ್ತೀರಕ್ಕಾ?” ಎಂದರೆ, “ಮೆತ್ತಗೆ ಮಾತಾಡಪ್ಪಾ, ಮರಿಗಳು ಮಲಗಿವೆ” ಎನ್ನುತ್ತಾರೆ. ಮರಿಯೊಂದು ಮಿಸುಕಿದರೆ ಸಾಕು, ಯಂತ್ರದ ಚಕ್ರವನ್ನು ಗಪ್ಪನೆ ಹಿಡಿದು ನಿಲ್ಲಿಸಿಬಿಡುತ್ತಾರೆ. ನನ್ನ ಅಂಗಿಗೆ ಒಂದು ತೋಳು ಬಂದು ಎರಡು ವಾರವಾಯಿತು, ಇನ್ನೊಂದರ ಸುದ್ದಿಯೇ ಇಲ್ಲ. “ಅಕ್ಕಾ, ನಿಮ್ಮ ಮಷಿನ್ ಸದ್ದು ಅವಕ್ಕೆಲ್ಲಿ ಕೇಳಿಸುತ್ತೆ?” ಎಂದು ನಿನ್ನೆ ರೇಗಿಯೇಬಿಟ್ಟೆ. “ಗೊತ್ತು ಕಣಪ್ಪಾ,” ಎಂದು ನಕ್ಕರು, ಚಕ್ರದ ಮೇಲಿನ ಕೈ ತೆಗೆಯದೆ. “ನನ್ನ ಮೂರು ಮಕ್ಕಳೂ ಇದೇ ಸದ್ದಿಗೆ ಬೆಚ್ಚಿ ಬೆಚ್ಚಿ ಏಳ್ತಾನೇ ಬೆಳೆದ್ವು. ಆಗ ನಿಲ್ಲಿಸೋಕೆ ಆಗ್ಲಿಲ್ಲ.”