ಎಂಟು ಎಂದ ಮಲ್ಲಾಜಮ್ಮ

“ಅಮ್ಮಾ, ಮಲ್ಲಾಜಜ್ಜಿಗೆ ಹೆದ್ರಿಕೆನೇ ಆಗಲ್ವಾ?” ಎಂದು ಮಗಳು ಜನನಿ ಕೇಳಿದಳು.

ತುಮ್ಮನಟ್ಟಿಯ ನಮ್ಮ ಪಕ್ಕದ ಮನೆಯ ಮಲ್ಲಾಜಮ್ಮನಿಗೆ ಸ್ತನದ ಕ್ಯಾನ್ಸರ್. ಮೂರು ಕೀಮೋ ಆಗಿ ಕೂದಲೆಲ್ಲ ಉದುರಿದರೂ, ತಲೆಗೆ ಟವೆಲ್ ಸುತ್ತಿ ಕ್ಯಾರೆಟ್ ಕೀಳಲು ಹೋಗುತ್ತಾರೆ. ಆಸ್ಪತ್ರೆಗೆ ಒಬ್ಬರೇ. ಜೊತೆಗೆ ಬರುತ್ತೇವೆಂದರೆ “ನಿಮ್ ಕೆಲ್ಸ ನೋಡ್ಕೊಳ್ರೇ” ಎನ್ನುತ್ತಿದ್ದರು. ಹತ್ತರಲ್ಲಿ ಹೆದರಿಕೆ ಎಷ್ಟು ಎಂದು ನರ್ಸ್ ಕೇಳಿದಾಗಲೆಲ್ಲ “ಸೊನ್ನೆ” ಎನ್ನುವರು. ಯಾರು ಕೇಳಿದರೂ ಚೆನ್ನಾಗಿದ್ದೀನಿ ಎನ್ನುವುದೇ ನಮ್ಮವರ ರೂಢಿ. ಆದರೆ ನಿದ್ದೆಯಿಲ್ಲ, ಊಟ ಸೇರದು. ತೂಕ ಇಳಿದು ನಾಲ್ಕನೆಯ ಕೀಮೋ ಮುಂದಕ್ಕೆ ಹೋಯಿತು.

ನಿನ್ನೆ ಹಟ ಹಿಡಿದು ನಾನೂ ಜೊತೆಗೆ ಹೋದೆ. ಮುಚ್ಚಿಟ್ಟ ಹೆದರಿಕೆಯೂ ಮೈಯಲ್ಲಿ ಒತ್ತಡದ ಹಾರ್ಮೋನು ಏರಿಸಿ ನಿದ್ದೆ ಕೆಡಿಸಬಹುದು ಎಂದರು ಡಾಕ್ಟರ್. ಮಲ್ಲಾಜಮ್ಮ ತಲೆಯ ಟವೆಲ್ ಬಿಗಿ ಮಾಡಿಕೊಂಡು ನೆಟ್ಟಗೆ ಕೂತರು.

“ಸೊಪ್ಪು ಹಸಿರಾಗಿದ್ರೆ ಸಾಕಾ ಡಾಕ್ಟ್ರೇ, ಗೆಡ್ಡೆ ಕಿತ್ತೇ ನೋಡ್ಬೇಕು. ಬರ್ಕೊಳ್ಳಿ, ಎಂಟು!”

ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದ ಇನ್ನೊಬ್ಬ ರೋಗಿ, ಮೀಸೆಯ ಯಜಮಾನರು, ಮೆಲ್ಲಗೆ “ನಂದು ಒಂಬತ್ತು” ಎಂದರು. ಎಲ್ಲರೂ ನಕ್ಕರು. ರಾತ್ರಿ ಮಲ್ಲಾಜಮ್ಮ ನಿದ್ದೆ ಮಾಡಿದರಂತೆ.

“ಆಗತ್ತೆ ಕಂದ, ಎಂಟರಷ್ಟು. ಅದನ್ನ ಎಲ್ರ ಮುಂದೆ ಹೇಳಿದ್ರು, ನೋಡು” ಎಂದೆ ಜನನಿಗೆ, ಹೆಮ್ಮೆಯಿಂದ.

ಎಂದೂ ಯಾರನ್ನೂ ಏನೂ ಕೇಳದ ಮಲ್ಲಾಜಮ್ಮ ಸಂಜೆ ಬೇಲಿಯಾಚೆಯಿಂದ ನನ್ನನ್ನು ಕರೆದರು.

“ಶಾಂತಲಾ, ಮಂಗಳವಾರ ಕೀಮೋ ಇದೆ. ಸೂಜಿ ಚುಚ್ಚೋವಾಗ ನನ್ ಕೈ ಹಿಡ್ಕೊಂಡು ಕೂತಿರ್ತೀಯೇನವ್ವಾ?”