ಕಾಶಿನಾಥ ಮೂರಿಂಚು ಬೆಳೆದದ್ದು

ಭಾಂಡುಪ್‌ನ ಟೇಕಡಿಯ, ಅಂದರೆ ಗುಡ್ಡದ, ಮೇಲಿನ ಚಾಳಿನಲ್ಲಿ ಟೇಲರ್ ದೇವಕ್ಕನ ಮಗ ಕಾಶಿನಾಥ ಅಂದರೆ ಯಾರಿಗೆ ಗೊತ್ತಿಲ್ಲ? ಗೊತ್ತಿರುವುದೇನೋ ಸರಿ, ಕಣ್ಣಿಗೆ ಬೀಳಬೇಕಲ್ಲ. ಮದುವೆಮನೆಯ ಗ್ರೂಪ್ ಫೋಟೋದಲ್ಲಿ ಅವನನ್ನು ಹುಡುಕುವುದೇ ಒಂದು ಉದ್ಯೋಗ. ಮೂವತ್ತೊಂದರ ವಯಸ್ಸು, ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ಬ್ಯಾಂಕ್ವೆಟ್ ಕ್ಯಾಪ್ಟನ್ ಕೆಲಸ, ಮೈಮೇಲೆ ಕರಿ ಕೋಟು, ನಾಲಿಗೆಯ ಮೇಲೆ ನಾಲ್ಕು ಭಾಷೆ. ದೇವರು ಎಲ್ಲ ಕೊಟ್ಟು, ಎತ್ತರದ ಹತ್ತಿರ ಬಂದಾಗ ಮಾತ್ರ ಕೈ ಬಿಗಿಹಿಡಿದಿದ್ದ.

ಹಾಗೆ ನೋಡಿದರೆ ಅದು ದೇವರ ತಪ್ಪಲ್ಲ, ಅಪ್ಪ ಬಸವಂತರಾಯರದು. ಆಳಂದದ ಕಡೆಯಿಂದ ಬಂದ ಬಡಗಿ. ಮುಲುಂಡ್‌ನ ಎಷ್ಟೋ ಬಿಲ್ಡಿಂಗುಗಳ ಬಾಗಿಲು ಅವರ ಕೈಯಲ್ಲಿ ಆದವು. ಊರವರ ಮನೆಗೆಲ್ಲ ಏಳಡಿ ಬಾಗಿಲು ಕೂರಿಸಿದವರಿಗೆ ತಮ್ಮ ಮನೆಯ ಮಾಳ, ಅಂದರೆ ಸಾಮಾನಿಡುವ ಅಟ್ಟ, ಮಾತ್ರ ಎಟುಕುತ್ತಿರಲಿಲ್ಲ. ಅದಕ್ಕೆಂದೇ ಸಾಗವಾನಿಯದೊಂದು ಸ್ಟೂಲು ಮಾಡಿಕೊಂಡಿದ್ದರು. ಅವರು ತೀರಿಕೊಂಡ ಮೇಲೂ ಆ ಸ್ಟೂಲು ದೇವಕ್ಕನ ಹೊಲಿಗೆ ಮಷಿನ್ ಪಕ್ಕದಲ್ಲೇ ಇತ್ತು. ಬಟ್ಟೆ ಆಲ್ಟರ್ ಮಾಡಿಸಲು ಬಂದವರಿಗೆಲ್ಲ ಆಕೆ ಮಗನನ್ನು ತೋರಿಸಿ, "ಅವರಪ್ಪನ ಅಚ್ಚು ನೋಡ್ರಿ. ಎತ್ತರ ಸೈತ ಅಷ್ಟ" ಅನ್ನುತ್ತಿದ್ದಳು, ಮಗನ ಹೆಸರಿಗೆ ಹೊಲ ಬರೆದುಕೊಟ್ಟಂಥ ಹೆಮ್ಮೆಯಿಂದ. ಆ ಹೆಮ್ಮೆ ಕಾಶಿನಾಥನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಯಾಕೆಂದರೆ ದಾದರ್‌ಗೆ ಹೋಗುವ ಬೆಳಗಿನ ಲೋಕಲ್‌ನಲ್ಲಿ ಅವನ ಮೂಗು ಕರೆಕ್ಟಾಗಿ ಪರರ ಬಗಲಿಗೆ ಬರುತ್ತಿತ್ತು. ನೋಡಲು ಹೋದ ಹುಡುಗಿಯೊಬ್ಬಳು ಪಾಪ, ಅವನ ಮಾನ ಉಳಿಸಲೆಂದು ಚಪ್ಪಲಿ ಬಿಟ್ಟು ನಿಂತಳು. ಆದರೂ ಅವಳೇ ಎತ್ತರ. ಅಂದು ಮನೆಗೆ ಬರುವಷ್ಟರಲ್ಲಿ ಕಾಶಿನಾಥ ಮನಸ್ಸು ಗಟ್ಟಿ ಮಾಡಿಕೊಂಡಿದ್ದ: ಮೊಣಕಾಲ ಕೆಳಗಿನ ಎಲುಬು ಕತ್ತರಿಸಿ, ಹೊರಗೆ ಕಬ್ಬಿಣದ ಚೌಕಟ್ಟು ಕೂರಿಸಿ, ದಿನಾ ಕೂದಲೆಳೆಯಷ್ಟು ಸ್ಕ್ರೂ ತಿರುವುತ್ತ ಎತ್ತರ ಮಾಡುತ್ತಾರಂತಲ್ಲ, ಅದನ್ನು ಮಾಡಿಸಿಯೇ ಸೈ. ಕೂಡಿಟ್ಟದ್ದೆಲ್ಲ ಅದಕ್ಕೇ.

ಕತ್ತಿಯ ಹೆದರಿಕೆ ಅವನಿಗೆ ಅಷ್ಟಿರಲಿಲ್ಲ, ಅವ್ವನದಿತ್ತು. "ಅಪ್ಪನ ಎತ್ತರ ನಿನಗ ಸಾಲಲಿಲ್ಲೇನು?" ಅಂತ ಆಕೆ ಒಂದು ಮಾತು ಕೇಳಿಬಿಟ್ಟರೆ? ಆ ಪ್ರಶ್ನೆಗೆ ಯಾವ ಡಾಕ್ಟರ ಹತ್ತಿರವೂ ಔಷಧ ಇರಲಿಲ್ಲ. ಹಾಗಾಗಿ ಮಹಾಶಯ ಸುಳ್ಳು ಕಟ್ಟಲು ಕೂತ, ಅದೂ ಒಂದಲ್ಲ, ಎರಡು. ಮನೆಯಲ್ಲಿ, "ಹೈದರಾಬಾದಿನ ಹೊಸ ಹೋಟೆಲಿಗೆ ಒಂದು ವರ್ಷ ಹಾಕ್ಯಾರ." ಹೋಟೆಲಿನಲ್ಲಿ, "ಊರಲ್ಲಿ ಬೈಕಿನಿಂದ ಬಿದ್ದು ಎರಡೂ ಕಾಲು ಮುರಿದವು." ಮ್ಯಾನೇಜರ್ ಮರುಗಿ, ಮಲಗಿದಲ್ಲಿಂದಲೇ ಫೋನಿನಲ್ಲಿ ಬುಕಿಂಗ್ ಕೆಲಸ ನೋಡಿಕೊಳ್ಳಲು ಹೇಳಿದರು. ಹೀಗೆ ಕಾಶಿನಾಥ ಏಕಕಾಲಕ್ಕೆ ಊರಲ್ಲೂ ಹೈದರಾಬಾದಿನಲ್ಲೂ ಇದ್ದ. ನಿಜಕ್ಕೂ ಇದ್ದದ್ದು ಮುಲುಂಡ್‌ನಲ್ಲಿ, ಆಸ್ಪತ್ರೆಯ ಹಿಂದಿನ ಬಿಲ್ಡಿಂಗಿನ ಒಂದು ಬಾಡಿಗೆ ರೂಮಿನಲ್ಲಿ. ಅವ್ವನ ಮನೆಯಿಂದ ಎರಡೇ ಸ್ಟೇಶನ್ ದೂರ.

ನೋವೇನು ಕಡಿಮೆಯೇ? ಸ್ಕ್ರೂ ತಿರುವಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಕಸ ಗುಡಿಸಿ, ಅನ್ನ ಬೇಯಿಸಿ, ಹಿಡಿದು ಎಬ್ಬಿಸಿ ಕೂರಿಸಲು ಒಬ್ಬ ಹೆಂಗಸು ಬರುತ್ತಿದ್ದಳು. ಬಿಲ್ಡಿಂಗಿನವರೆಲ್ಲ ಮೌಸಿ ಅನ್ನುತ್ತಿದ್ದರು, ಇವನೂ ಮೌಸಿ ಅಂದ. ಅವಳ ಹತ್ತಿರ ಮಾತೆಲ್ಲ ಹಿಂದಿಯಲ್ಲೇ. ಸಂಜೆ ಅವ್ವನ ಫೋನ್ ಬಂದಾಗ ಮಾತ್ರ ಗಂಟಲು ಬಿಚ್ಚಿ ಕನ್ನಡ. ಮೌಸಿ ಅಲ್ಲೇ ನೆಲ ಒರೆಸುತ್ತಿದ್ದರೂ ಇವನಿಗೆ ಅಳುಕಿಲ್ಲ. ಮುಂಬಯಿಯಲ್ಲಿ ನಮ್ಮ ಜನಕ್ಕೆ ಇದೊಂದು ಧೈರ್ಯ ನೋಡಿ, ಕನ್ನಡ ಮಾತಾಡಿದರೆ ಕೋಣೆಯ ಬಾಗಿಲು ಹಾಕಿಕೊಂಡಷ್ಟೇ ಭದ್ರ ಅಂತ ತಿಳಿದಿರುತ್ತಾರೆ.

"ಹೈದರಾಬಾದದಾಗ ಬಿಸಲು ಭಾಳ ಅದ ಅವ್ವ. ನಿಂತು ನಿಂತು ಕಾಲು ಹಿಡೀತಾವ, ಅಷ್ಟ."

"ಹೌದೇನಪಾ" ಅನ್ನುತ್ತಿದ್ದಳು ದೇವಕ್ಕ. "ಒಮ್ಮಿ ಚಾರ್‌ಮಿನಾರ್ ಮುಂದ ನಿಂತು ವಿಡಿಯೋ ಕಾಲ್ ಮಾಡು, ನಾನೂ ನೋಡ್ತೀನಿ."

ಅವನು ಮಾಡಿದ ವಿಡಿಯೋ ಕಾಲ್‌ಗಳಲ್ಲಿ ಮಗ ಸೊಂಟದ ಮೇಲೆ ಮಾತ್ರ ಇರುತ್ತಿದ್ದ, ಹಿಂದೆ ಒಂದು ಬೋಳು ಗೋಡೆ. ಚಾರ್‌ಮಿನಾರ್‌ನಲ್ಲಿ ಇವತ್ತು ರಶ್ಶು, ನಾಳೆ ರಿಪೇರಿ. ದೇವಕ್ಕ ಅದಕ್ಕೆಲ್ಲ ಹೂಂಗುಟ್ಟಿ, ಕೊನೆಗೊಂದು ಮಾತು ಮರೆಯದೆ ಹೇಳುತ್ತಿದ್ದಳು: "ಕಾಲು ಜ್ವಾಕಿ ತಮ್ಮಾ." ಅಮ್ಮಂದಿರು ಏನೋ ಒಂದು ಹೇಳುತ್ತಿರುತ್ತಾರೆ ಅಂತ ಅವನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಒಂದು ದಿನ ಮೌಸಿ, "ಮೇರೆ ಘರ್ ಕಾ ಹೈ, ಖಾವ್" ಅಂತ ಡಬ್ಬಿ ತೆರೆದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ. ಮೊದಲ ತುತ್ತಿಗೇ ಕಾಶಿನಾಥನ ಕಣ್ಣು ತುಂಬಿ ಬಂತು. ಅವ್ವನ ಕೈರುಚಿಯ ಹಾಗೇ ಇದೆಯಲ್ಲ ಅನ್ನಿಸಿತು. ಕಾಲುನೋವಿನಲ್ಲಿ ಯಾರ ರೊಟ್ಟಿಯೂ ಅವ್ವನ ರೊಟ್ಟಿಯೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾಲ್ಕು ಭಾಷೆ ಬಲ್ಲವನಿಗೆ ಮೌಸಿಯ ಊರು ಯಾವುದು ಅಂತ ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಅಂತೂ ವರ್ಷ ಕಳೆಯಿತು. ಚೌಕಟ್ಟು ಬಿಚ್ಚಿದರು, ವಾಕರ್ ಹೋಯಿತು, ಬಡಿಗೆಯೂ ಹೋಯಿತು. ಕಾಶಿನಾಥ ಮೂರಿಂಚು ಬೆಳೆದಿದ್ದ. ಲೋಕಲ್‌ನಲ್ಲಿ ಅವನ ಮೂಗಿಗೆ ಬಗಲಿಂದ ಹೆಗಲಿಗೆ ಬಡ್ತಿ ಸಿಕ್ಕಿತ್ತು.

ಮೊದಲು ಹೋಟೆಲಿಗೆ ಹೋದ. ಎತ್ತರದ ಬಗ್ಗೆ ಕೇಳಿದವರಿಗೆ ಏನು ಹೇಳಬೇಕೆಂದು ರಾತ್ರಿಯೆಲ್ಲ ಉತ್ತರ ಬಾಯಿಪಾಠ ಮಾಡಿದ್ದ. ಯಾರೂ ಕೇಳಲಿಲ್ಲ. ಎಲ್ಲರೂ ಕಾಲು ಹೇಗಿದೆ ಅಂದರು, ತೆಳ್ಳಗಾಗಿದ್ದೀಯ ಅಂದರು. ಕಿಚನ್ನಿನ ಸೂಪರ್‌ವೈಸರ್, ಮಂಗಳೂರು ಕಡೆಯ ದೂಜ, ಅವನನ್ನು ಮೇಲಿಂದ ಕೆಳಗೆ ನೋಡಿ ಯೂನಿಫಾರ್ಮ್ ಪ್ಯಾಂಟಿನ ಹತ್ತಿರ ಕಣ್ಣು ನಿಲ್ಲಿಸಿದ. ಕೆಳಗೆ ಸಾಕ್ಸ್ ಪೂರಾ ಕಾಣುತ್ತಿತ್ತು.

"ಲಾಂಡ್ರಿಯವ ನಿನ್ನ ಪ್ಯಾಂಟು ಗಿಡ್ಡ ಮಾಡಿ ಇಟ್ಟಿದ್ದಾನಲ್ಲ ಮಾರಾಯ. ಕಂಪ್ಲೇಂಟ್ ಕೊಡು" ಅಂದ.

ವರ್ಷದ ತಪಸ್ಸಿನ ಫಲ ಲಾಂಡ್ರಿಯವನ ಲೆಕ್ಕಕ್ಕೆ ಹೋಯಿತು. ಬೇಜಾರಾಯಿತು, ಒಳಗೊಳಗೇ ಸ್ವಲ್ಪ ನಿರಾಳವೂ ಆಯಿತು. ಅವ್ವನೂ ಗಮನಿಸಲಿಕ್ಕಿಲ್ಲ ಅನ್ನುವ ಆಸೆ ಹುಟ್ಟಿತು.

ಸಂಜೆ ಟೇಕಡಿ ಹತ್ತಿ ಮನೆಗೆ ಬಂದ. ದೇವಕ್ಕ ಮಷಿನ್ ಬಿಟ್ಟು ಏಳಲಿಲ್ಲ. "ಬಾರಪಾ, ಹೈದರಾಬಾದ ಮುಗೀತೇನು?" ಅಂದಳು. ಗೋಡೆಯ ಮೊಳೆಗೆ ಅವನ ಹಳೆಯ ಪ್ಯಾಂಟುಗಳೆಲ್ಲ ಇಸ್ತ್ರಿಯಾಗಿ ತೂಗುತ್ತಿದ್ದವು. ಒಂದನ್ನು ಸುಮ್ಮನೆ ಮುಟ್ಟಿ ನೋಡಿದ. ಕೆಳಗಿನ ಮಡಿಕೆ ಬಿಚ್ಚಿ ಉದ್ದ ಇಳಿಸಲಾಗಿತ್ತು. ಹಳೇ ಮಡಿಕೆಯ ಗೆರೆ ಇನ್ನೂ ಕಾಣುತ್ತಿತ್ತು. ಎಲ್ಲ ಪ್ಯಾಂಟಿಗೂ ಅಷ್ಟೇ, ಮೂರು ಇಂಚು.

ಕಾಶಿನಾಥ ಪ್ಯಾಂಟು ಹಿಡಿದುಕೊಂಡೇ ತಿರುಗಿದ. "ಅವ್ವ, ನಿನಗ ಯಾರು..."

"ದಾನವ್ವ. ನಿನ್ನ ರೂಮಿನ ಕಸಾ ಹೊಡ್ಯಾಕಿ. ಅಫಜಲಪುರದ ಕಡೆಯಾಕಿ, ಇಲ್ಲೇ ಕೆಳಗಿನ ಓಣಿಯಾಗ ಇರ್ತಾಳ. ಆಕಿ ಜಂಪರ ಹೊಲಿಯಾಕಿ ನಾನ. ಆಕಿ ಮುಂದ ಕುಂತು ಕನ್ನಡದಾಗ ಸುಳ್ಳ ಹೇಳೀದೆಲ್ಲೋ ಯಪ್ಪಾ, ಎಷ್ಟು ಶಾಣ್ಯಾ ಅದಿ ನೀ."

"ನೀ ಯಾಕ ಬರಲಿಲ್ಲ ಮತ್ತ?"

"ಬಂದಿದ್ದೆ. ಬಿಲ್ಡಿಂಗಿನ ತನಕ ಬಂದು, ಮುಚ್ಚಿಟ್ಟಾನ ಅಂದ್ರ ನನ್ನ ಕಂಡು ನಾಚತಾನ ಅಂತ ರೊಟ್ಟಿ ಡಬ್ಬಿ ಆಕಿ ಕೈಯಾಗ ಕೊಟ್ಟು ತಿರುಗಿ ಬಂದೆ."

ಕಾಶಿನಾಥ ತಲೆ ತಗ್ಗಿಸಿದ. ವರ್ಷದಿಂದ ಹೆದರುತ್ತಿದ್ದ ಆ ಪ್ರಶ್ನೆ ಈಗ ಬರುತ್ತದೆ ಅಂತ ಕಾದ. ಬರಲಿಲ್ಲ. ದೇವಕ್ಕ ದಾರ ಹರಿದು, "ಮಾಳದ ಮ್ಯಾಲ ಬೆಲ್ಲದ ಡಬ್ಬಿ ಅದ, ತಗಿ. ಬಂದ ದಿನ ಬಾಯಿ ಸಿಹಿ ಮಾಡ್ಕೋ" ಅಂದಳು.

ಅವನಿಗೂ ಒಂದು ಹುರುಪು ಬಂತು. ಕೈ ಚಾಚಿದ. ತುದಿಗಾಲಲ್ಲಿ ನಿಲ್ಲಲು ನೋಡಿದ, ಹೊಸ ಕಾಲು ಒಪ್ಪಲಿಲ್ಲ. ಬೆರಳು ಡಬ್ಬಿಗೆ ಎರಡು ಬೆರಳು ಕೆಳಗೇ ನಿಂತವು.

ದೇವಕ್ಕನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಸಾಕಾಗುವಷ್ಟು ನಕ್ಕಳು. ಆಮೇಲೆ ಕಾಲಿನಿಂದ ಆ ಸಾಗವಾನಿ ಸ್ಟೂಲನ್ನು ಅವನ ಕಡೆ ತಳ್ಳಿದಳು.

"ತಗೋ. ಹತ್ತು, ಅಂಜಬ್ಯಾಡ. ನಿಮ್ಮಪ್ಪಗೂ ಎತ್ತರ ಬೇಕಾಗಿತ್ತಪಾ. ಅವ ಕಟಗೀಲೆ ಮಾಡಿಕೊಂಡ, ನೀ ಎಲುವಿನ್ಯಾಗ ಮಾಡಿಕೊಂಡಿ. ಆದ್ರ ಅವ ನನಗ ಹೇಳಿ ಮಾಡಿಕೊಂಡಿದ್ದ."

ದೇವಕ್ಕ ಎದ್ದು ಬಂದು ಸ್ಟೂಲು ಅಲುಗಾಡದಂತೆ ಎರಡೂ ಕೈಯಿಂದ ಹಿಡಿದುಕೊಂಡಳು. ಅವನು ಮೆಲ್ಲಗೆ ಹತ್ತಿ ಬೆಲ್ಲದ ಡಬ್ಬಿ ಇಳಿಸಿದ.