ಗಂಗಮ್ಮನ ಬಿಳಿ ಟವಲ್ಲು

ನಿನ್ನೆ ಹಳೆಯ ಟ್ರಂಕಿನಲ್ಲಿ ಏನೋ ಹುಡುಕುವಾಗ ಅಂಗೈಯಗಲದ ಬಿಳಿ ಬಟ್ಟೆಯೊಂದು ಕೈಗೆ ಬಂತು. ಮೂಸಿ ನೋಡಿದೆ. ಸೋಡಾ ಹಾಕಿ ಕುದಿಸಿದ ಬಟ್ಟೆಯ ಹಬೆ ಮೂಗಿಗೆ ಬಡಿದ ಹಾಗಾಯಿತು. ನನ್ನ ಮೂಗನ್ನು ನೀವು ಬಹಳ ನಂಬಬೇಡಿ. ಒಲೆಯ ಮೇಲೆ ಹಾಲು ಸೀದರೂ ಅದಕ್ಕೆ ಗೊತ್ತಾಗುವುದಿಲ್ಲ.

ಆಗ ನಾನು ಮಡಕಶಿರದ ಹತ್ತಿರದ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸು. ಊರ ಹುಡುಗಿಯರೆಲ್ಲ ಗಾರ್ಮೆಂಟ್ಸ್ ಎಂದು ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ವರ್ಷಗಳು. ಹೆರಿಗೆಗೆ ಮಾತ್ರ ತವರಿಗೆ ಬರುತ್ತಿದ್ದರು. ಕೆಲವರಿಗೆ ಹೆರಿಗೆಯ ಹೊಲಿಗೆ ಕೀವಾಗುತ್ತಿತ್ತು; ಯಾಕೆಂದು ನಮಗೆ ತಿಳಿಯುತ್ತಿರಲಿಲ್ಲ. ನಮ್ಮ ಆಯಾ ಗಂಗಮ್ಮನ ಮಗಳು ಭಾರತಿಯೂ ಏಳು ತಿಂಗಳ ಹೊಟ್ಟೆ ಹೊತ್ತು ಬಂದಿದ್ದಳು. "ನನ್ ಮಗಳಿಗೆ ಅಂಗಾಗಲ್ಲ ಅಲ್ವಾ ಸಿಸ್ಟರಮ್ಮಾ?" ಎಂದು ಗಂಗಮ್ಮ ಕೇಳುತ್ತಲೇ ಇದ್ದಳು.

ಆಗಲೇ ಇಲಾಖೆಯವರು ನಮ್ಮ ಆಸ್ಪತ್ರೆಯನ್ನು ರಾಯದುರ್ಗದ ಆಸ್ಪತ್ರೆಯೊಂದಕ್ಕೆ ಜೊತೆ ಮಾಡಿದರು. ಸೋಂಕು ಹರಡದಂತೆ ನೋಡಿಕೊಳ್ಳುವುದು ಹೇಗೆಂದು ಅಲ್ಲಿನ ಹಿರಿಯ ನರ್ಸು ತಿಂಗಳಿಗೊಮ್ಮೆ ಬಂದು, ನಮ್ಮೊಂದಿಗೇ ಕೆಲಸ ಮಾಡುತ್ತ ಕಲಿಸಬೇಕು. ಹಾಗೆ ಬಂದವರು ಶಾರದಕ್ಕ. ತಪ್ಪು ಹುಡುಕುತ್ತಾರೆಂದು ನಾನು ಕಿಟಕಿಯ ಸರಳನ್ನೂ ತೊಳೆದಿಟ್ಟಿದ್ದೆ. ಅವರು ಆ ಕಡೆ ನೋಡಲೇ ಇಲ್ಲ. "ಗಂಗಮ್ಮಾರ, ಕೈಗೊಂದಿಷ್ಟು ನೀರು ಹಾಕ್ರಿ" ಎಂದರು.

ನಮ್ಮ ನಲ್ಲಿಯಲ್ಲಿ ನೀರು ಅಪರೂಪ. ಒಬ್ಬರು ಚೊಂಬಿನಿಂದ ಹಾಕಬೇಕು, ಇನ್ನೊಬ್ಬರು ತೊಳೆಯಬೇಕು. ಶಾರದಕ್ಕ ಉಗುರಿನ ಸಂದು, ಹೆಬ್ಬೆರಳ ಬುಡ ಎಲ್ಲ ಉಜ್ಜಿ ತೊಳೆದರು. ಗಂಗಮ್ಮ ಮೊಳೆಯಿಂದ ಟವಲ್ಲು ತೆಗೆದುಕೊಟ್ಟಳು. ದಿನಾ ಬೆಳಿಗ್ಗೆ ಅವಳೇ ಒಗೆದು ಬಿಸಿಲಿಗೆ ಹಾಕುತ್ತಿದ್ದ ಟವಲ್ಲು. ಅದಕ್ಕಿಂತ ಬೆಳ್ಳಗಿನದು ಆಸ್ಪತ್ರೆಯಲ್ಲೇ ಇರಲಿಲ್ಲ. ಸಂಜೆಯವರೆಗೆ ನಾವೆಲ್ಲ ಅದರಲ್ಲೇ ಕೈ ಒರೆಸುತ್ತಿದ್ದೆವು. ಶಾರದಕ್ಕ ಅದನ್ನು ಮುಟ್ಟಲಿಲ್ಲ. ಒದ್ದೆ ಕೈ ಮೇಲೆತ್ತಿ, "ಇರ್ಲಿ ಬಿಡ್ರಿ, ಹಂಗ ಆರ್ತಾವ" ಎಂದರು.

ಗಂಗಮ್ಮನ ಮುಖ ಸಣ್ಣದಾಯಿತು. ಅವಳು ಕೊಟ್ಟದ್ದನ್ನು ಮುಟ್ಟದ ಮನೆಗಳು ಊರಲ್ಲಿದ್ದವು. "ಇವ್ರೂ ಅಂಥೋರೇ" ಎಂದು ನನಗಷ್ಟೇ ಕೇಳುವಂತೆ ಹೇಳಿ ಹಿತ್ತಲಿಗೆ ಹೋದಳು. ನಾನು ಅದನ್ನೂ, ಭಾರತಿಯ ಹೆರಿಗೆಯ ಬಗ್ಗೆ ಅವಳಿಗಿದ್ದ ಭಯವನ್ನೂ ಶಾರದಕ್ಕನಿಗೆ ತಿಳಿಸಿದೆ.

ಮಧ್ಯಾಹ್ನ ತಮ್ಮ ಡಬ್ಬಿಯನ್ನು ಬಿಚ್ಚದೆ ಜಗಲಿಯ ಮೇಲೆ ಗಂಗಮ್ಮನ ಪಕ್ಕ ಕೂತು, "ನಿಮ್ಮ ಮುದ್ದಿಯಾಗ ಅರ್ಧ ಕೊಡ್ರಿ" ಎಂದರು.

"ನಮ್ಮುದ್ದೆ ನಿಮಗೆ ಇಳಿಯಲ್ಲ ಕಣಮ್ಮ. ರೊಟ್ಟಿ ತಿನ್ನೋರು ನೀವು."

"ಅಗಿಯಾಕ ಹೋಗಂಗಿಲ್ಲ, ನುಂಗ್ತೀನಿ. ಕೊಡ್ರಿ."

ಗಂಗಮ್ಮ ಮುರಿದು ಕೊಟ್ಟಳು. ಎರಡು ತುತ್ತು ನುಂಗಿ ಶಾರದಕ್ಕ ಹೇಳಿದರು: "ನಿಮ್ಮ ಟವಲ್ಲು ಬೆಳಿಗ್ಗಿ ಹೂವಿನಂಗ ಇರ್ತೈತ್ರಿ. ಆಮ್ಯಾಲೆ ಒಬ್ರು ಕೀವಿನ ಗಾಯ ತೊಳೆದು ಬಂದು ಅದಕ್ಕ ಒರಸ್ತಾರ. ಅವಸರದಾಗ ತೊಳೆದ ಕೈಯಾಗ ಒಂದಿಷ್ಟು ಉಳಿದಿರ್ತೈತಿ. ಅದು ಟವಲ್ಲಿಗೆ, ಟವಲ್ಲಿಂದ ಇನ್ನೊಬ್ರ ಕೈಗೆ. ಆ ಕೈ ನಾಳೆ ಭಾರತಿ ಹೊಲಿಗಿ ಮುಟ್ಟಿದ್ರ?"

ಗಂಗಮ್ಮನ ತುತ್ತು ಕೈಯಲ್ಲೇ ಉಳಿಯಿತು. "ಇದನ್ನ ಆಗ್ಲೇ ಯೋಳ್ಬಾರ್ದಿತ್ತಾ?"

"ಹೇಳಬೇಕಿತ್ರಿ."

ಗಂಗಮ್ಮ ಕೈ ತೊಳೆದು ಬಂದು, ಆ ಟವಲ್ಲನ್ನು ತಾನೇ ಕತ್ತರಿಸಿ ತುಂಡು ಮಾಡಿದಳು. ಒಮ್ಮೆ ಒರೆಸಿದ ತುಂಡು ಬಕೆಟ್ಟಿಗೆ. ಕುದಿಸಿ ಒಣಗಿಸಿದ ಮೇಲೆಯೇ ಮತ್ತೆ ಕೈಗೆ. ತುಂಡುಗಳು ಸಾಲಲಿಲ್ಲ. ರಾಯದುರ್ಗದಲ್ಲಿ ಮನೆಮನೆಯಲ್ಲೂ ಜೀನ್ಸ್ ಹೊಲಿಯುತ್ತಾರಲ್ಲ, ಜೇಬಿನ ಒಳಬಟ್ಟೆ ಕತ್ತರಿಸಿ ಉಳಿದ ಬಿಳಿ ಚೂರುಗಳನ್ನು ಮುಂದಿನ ಸಲ ಶಾರದಕ್ಕ ಚೀಲದಲ್ಲಿ ತಂದರು. ಭಾರತಿ ಅಂಚು ಹೊಲಿದಳು. "ಗಾರ್ಮೆಂಟ್ಸಲ್ಲಾಯ್ತು, ಇಲ್ಲೂ ನಂಗೆ ಟಾರ್ಗೆಟ್ಟಾ?" ಎಂದು ನಕ್ಕಳು.

ಅವಳ ಹೆರಿಗೆಯಾದ ಮೇಲೆ ಹೊಲಿಗೆ ನೋಡುವ ಮೊದಲು ಗಂಗಮ್ಮನೇ ನನ್ನ ಕೈಗೆ ನೀರು ಹಾಕುತ್ತಿದ್ದಳು. ಬೇಗ ಮುಗಿಸಿದರೆ ಬಿಡುತ್ತಿರಲಿಲ್ಲ. "ಹೆಬ್ಬೆಟ್ಟು ಬಿಟ್ರಿ ಸಿಸ್ಟರಮ್ಮ." ಹೊಲಿಗೆ ಒಣಗಿತು. ಭಾರತಿ ಕೂಸನ್ನೆತ್ತಿಕೊಂಡು ಎಳೆಬಿಸಿಲಿಗೆ ಬಂದು ಕೂತ ದಿನ ಗಂಗಮ್ಮ ಒಂದು ಬಿಳಿ ತುಂಡನ್ನು ನನ್ನ ಕೈಗಿಟ್ಟು, "ಇಟ್ಕಳಿ" ಎಂದಳು. ಅದೇ ಇದು.

ನಾಳೆ ನಾನೂ ಇನ್ನೊಂದು ಊರಿನ ಆಸ್ಪತ್ರೆಗೆ, ಹೊಸ ನರ್ಸಿಗೆ ಜೊತೆಯಾಗಲು ಹೋಗಬೇಕು. ಏನೇನು ತಿದ್ದಬೇಕೆಂದು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ಈಗ ಆ ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಿದ್ದೇನೆ. ಬುತ್ತಿ ಮಾತ್ರ ಕಟ್ಟಿಕೊಳ್ಳುವುದಿಲ್ಲ. ಅಲ್ಲಿನ ಆಯಾ ಏನು ತಂದಿರುತ್ತಾಳೋ, ಅದರಲ್ಲೇ ಅರ್ಧ ಕೇಳುತ್ತೇನೆ.